ಹಳೇ ಬುಲೆಟ್ 350: ಕ್ಯಾಮ್, ಟ್ಯಾಪೆಟ್, ಬೇರಿಂಗ್ ಯಾವುದು ಹಾಕಿಸಲಿ?

ಹೇಮಾವತಿ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1986ರ ಬುಲೆಟ್ 350 ಇದೆ. ಕಬ್ಬಿಣದ ಬೋರ್, ಪಾಯಿಂಟ್ ಇಗ್ನಿಷನ್, 24 ಎಂ.ಎಂ. ಮಿಕ್‌ಕಾರ್ಬ್. ಸೋದರಮಾವನ ಗಾಡಿ, ಈಗ ನನ್ನ ಕೈಗೆ ಬಂದಿದೆ.

ವಾಲ್ವ್ ತೆರೆಸೋ ಕ್ಯಾಮ್, ಅದರ ಮೇಲೆ ಕೂತು ಏರಿಳಿಯೋ ಟ್ಯಾಪೆಟ್ ಇರೋ ಬಲಗಡೆ ಟೈಮಿಂಗ್ ಕವರ್ ಒಳಗಿಂದ ಕಟಕಟ ಸದ್ದು. ಟ್ಯಾಪೆಟ್ ಅಡ್ಜಸ್ಟ್ ಮಾಡಿಸಿದರೆ ಸ್ವಲ್ಪ ದಿನ ಸುಮ್ಮನಿರುತ್ತೆ, ಆಮೇಲೆ ಮತ್ತೆ ಅದೇ ರಾಗ. ಕೊನೆಗೆ ಕವರ್ ಬಿಚ್ಚಿಸಿದೆ. ಎಕ್ಸಾಸ್ಟ್ ಕ್ಯಾಮ್ ಲೋಬ್ (ಉಬ್ಬು) ತುದಿಯಲ್ಲಿ ಮೇಲಿನ ಪದರ ಚಕ್ಕೆ ಎದ್ದಿದೆ, ಉಗುರು ಎಳೆದರೆ ಸಿಕ್ಕಿಕೊಳ್ಳುತ್ತೆ. ಅದರ ಟ್ಯಾಪೆಟ್ ಪಾದದ ಮಧ್ಯೆ ಹಳ್ಳ ಬಿದ್ದಿದೆ. ಇನ್ಲೆಟ್ ಕ್ಯಾಮ್ ನೋಡೋಕೆ ಚೆನ್ನಾಗಿದೆ. ಫೆಲ್ಟ್ ಫಿಲ್ಟರ್ ಮಡಿಕೆಗಳಲ್ಲಿ ಮಿಣಮಿಣ ಪುಡಿ ಇದೆ.

ಮೇಸ್ತ್ರಿ ಹೇಳೋದು: ಹೇಗೂ ಬಿಚ್ಚಿದೀವಿ, ಪವರ್ ಕ್ಯಾಮ್ ಹಾಕೋಣ, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯೋ ತುದಿ) ರೋಲರ್ ಬೇರಿಂಗ್ ಮಾಡಿಸೋಣ, ಕ್ರ್ಯಾಂಕ್ ಹೊರೋ ಮೇನ್ ಬೇರಿಂಗ್ ಎಲ್ಲಾ ಹೊಸದು ಹಾಕೋಣ. ನನ್ನ ಓಡಾಟ ಹಾಸನ, ಸಕಲೇಶಪುರ, ವರ್ಷಕ್ಕೆ ಒಂದೆರಡು ಸಲ ಘಾಟಿ ಇಳಿದು ಕರಾವಳಿ. ಅರವತ್ತು ಎಪ್ಪತ್ತರ ಸ್ಪೀಡು ಸಾಕು. ಇದೆಲ್ಲಾ ಬೇಕಾ? ಒಂದೇ ಕ್ಯಾಮ್ ಬದಲಿಸಿದರೆ ಆಗಲ್ವಾ? ತಿಳಿದವರು ಹೇಳಿ.

ಕಿಕ್ ಸ್ಟಾರ್ಟ್:
ಫೋಟೋ ಹಾಕಿ.

ಲೇತ್ ಮಂಜಣ್ಣ:
ಫೋಟೋ ಬೇಡ, ವಿವರ ಸಾಕು. ಪದರ ಎದ್ದ ಕ್ಯಾಮ್‌ಗೆ ಆಯಸ್ಸು ಮುಗೀತು. ಕ್ಯಾಮ್ ಮೇಲೆ ಗಟ್ಟಿ ಇರೋದು ತೆಳ್ಳನೆ ಒಂದು ಪದರ ಮಾತ್ರ. ಅದು ಒಡೆದ ಮೇಲೆ ಕೆಳಗಿನ ಮೆತ್ತನೆ ಕಬ್ಬಿಣ ಬೆಣ್ಣೆ ಥರ ಸವೆಯುತ್ತೆ. ಅದಕ್ಕೇ ನಿಮಗೆ ಅಡ್ಜಸ್ಟ್‌ಮೆಂಟ್ ನಿಲ್ತಾ ಇಲ್ಲ.

ಟ್ಯಾಪೆಟ್ ಕೂಡ ಹೊಸದೇ ಬೇಕು. ಹಳ್ಳ ಬಿದ್ದ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಕೂರಿಸಿದರೆ ಹೊಸದೂ ಹಾಳಾಗುತ್ತೆ. ಹಳ್ಳದ ಅಂಚು ಲೋಬ್ ಮೇಲೆ ಉಳಿಯಂತೆ ಕೆಲಸ ಮಾಡುತ್ತೆ. ಕ್ಯಾಮ್ ಮತ್ತು ಟ್ಯಾಪೆಟ್ ಜೋಡಿ. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಿ, ಇದರಲ್ಲಿ ಚೌಕಾಸಿ ಇಲ್ಲ.

ಮಲೆನಾಡ ಬುಲೆಟ್:
ಮಂಜಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಮಾತು ಸೇರಿಸ್ತೀನಿ. ಆ ಮಿಣಮಿಣ ಪುಡಿಗೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದರೆ ಉಕ್ಕು: ಕ್ಯಾಮ್, ಟ್ಯಾಪೆಟ್, ಗೇರ್ ಇಲ್ಲವೇ ಬೇರಿಂಗ್‌ನದ್ದು. ಅಂಟದೆ ಹಳದಿ ಬಣ್ಣ ಇದ್ದರೆ ಕಂಚಿನ ಬುಷ್‌ನದ್ದು. ಅಂಟದೆ ಬೂದು ಬಣ್ಣ ಇದ್ದರೆ ಪಿಸ್ಟನ್ ಅಲ್ಯೂಮಿನಿಯಂ ಇರಬಹುದು, ಬಿಗ್ ಎಂಡ್‌ನ ಬಿಳಿ ಲೋಹವೂ ಇರಬಹುದು. ಎಂಜಿನ್ ಪೂರ್ತಿ ಬಿಚ್ಚಬೇಕಾ ಬೇಡವಾ ಅನ್ನೋದು ಅಲ್ಲೇ ಅರ್ಧ ತೀರ್ಮಾನ ಆಗುತ್ತೆ.

ಹೇಮಾವತಿ ಸವಾರ:
ಥ್ಯಾಂಕ್ಸ್ ಸರ್. ಈಗಲೇ ನೋಡ್ತೀನಿ.

ಟಾಪ್ ಗೇರ್:
ಪವರ್ ಕ್ಯಾಮ್ ಹಾಕಿಸಿ ಅಂತ ನಾನು ಹೇಳ್ತೀನಿ. ಹೇಗೂ ಹೊಸ ಕ್ಯಾಮ್ ಕೊಳ್ಳಬೇಕು, ಕೂಲಿನೂ ಕೊಡಬೇಕು. ಅದೇ ದುಡ್ಡಲ್ಲಿ ಸ್ವಲ್ಪ ಜೋರು ಓಡೋ ಗಾಡಿ ಸಿಕ್ಕರೆ ಏನು ನಷ್ಟ?

ಲೇತ್ ಮಂಜಣ್ಣ:
@ಟಾಪ್ ಗೇರ್ ನಷ್ಟ ಇದೆ ಗುರುಗಳೇ. ಈ ಎಂಜಿನ್ನಿನ ಬೋರ್ 70 ಎಂ.ಎಂ., ಸ್ಟ್ರೋಕ್ 90 ಎಂ.ಎಂ. ಉದ್ದನೆ ಸ್ಟ್ರೋಕ್, ಭಾರದ ಫ್ಲೈವೀಲ್. ಕಂಪನಿ ಲೆಕ್ಕದಲ್ಲೇ 18 ಎಚ್‌ಪಿ, ಅದೂ 5625 ಆರ್‌ಪಿಎಂನಲ್ಲಿ. ಅವರು ಓಡಿಸೋದು 60–70ರಲ್ಲಿ. ಅಲ್ಲಿ ಎಂಜಿನ್ ಅದರ ಹತ್ತಿರಕ್ಕೂ ಹೋಗಲ್ಲ.

ವಾಲ್ವ್ ಜಾಸ್ತಿ ಹೊತ್ತು ತೆರೆದಿಡೋ ಕ್ಯಾಮ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಉಸಿರಾಟ ಚೆನ್ನಾಗಿರುತ್ತೆ. ಕೆಳಗಡೆ ಮಾತ್ರ ಎಳೆತ ಬಿಟ್ಟುಕೊಡುತ್ತೆ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು ಜಾಸ್ತಿ ಆದಷ್ಟೂ ಸ್ಲೋ ಆರ್‌ಪಿಎಂ ಒರಟಾಗುತ್ತೆ. ಸಕಲೇಶಪುರದ ಏರಿನಲ್ಲಿ ಮೂರನೇ ಗೇರಲ್ಲಿ ದುಗುದುಗು ಅಂತ ಹತ್ತೋದು ಬುಲೆಟ್ಟಿನ ಗುಣ. ಅದನ್ನೇ ಕಳ್ಕೊಂಡು ಏನು ಸಿಗುತ್ತೆ?

ಟಾಪ್ ಗೇರ್:
ಸೌಮ್ಯವಾದ ಕ್ಯಾಮೂ ಸಿಗುತ್ತೆ ಅಣ್ಣ. ಎಲ್ಲಾ ಪವರ್ ಕ್ಯಾಮೂ ರೇಸ್ ಕ್ಯಾಮ್ ಅಲ್ಲ.

ಎಣ್ಣೆಕೈ:
ಸಿಗುತ್ತೆ, ಒಪ್ಪಿದೆ. ಆದ್ರೆ ಕ್ಯಾಮ್ ಒಂದೇ ಬದಲಿಸಿದರೆ ಗಾಳಿ ಎಲ್ಲಿಂದ ಬರಬೇಕು? ಕಾರ್ಬುರೇಟರ್ 24 ಎಂ.ಎಂ.ನದ್ದೇ, ಹೆಡ್ ಅದೇ, ವಾಲ್ವ್ ಅದೇ. ಲಿಫ್ಟ್ ಜಾಸ್ತಿ ಇದ್ದರೆ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗ್ತಾವಾ ಅಂತ ನೋಡಬೇಕು. ಪಿಸ್ಟನ್ ತಲೆ ಮೇಲೆ ಮಕ್ಕಳ ಆಟದ ಕ್ಲೇ ಇಟ್ಟು, ಹೆಡ್ ಕೂರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಆ ಕ್ಲೇ ಎಷ್ಟು ಒತ್ತಿದೆ ಅಂತ ಅಳೀಬೇಕು. ಅಷ್ಟು ಮಾಡೋ ಮೇಸ್ತ್ರಿ ಸಿಕ್ಕಿದರೆ ಹಾಕಿಸಿ. ಸುಮ್ನೆ ಬಿಚ್ಚಿ ಕೂರಿಸೋರ ಹತ್ತಿರ ಬೇಡ.

ಕಿಕ್ ಸ್ಟಾರ್ಟ್:
ಸ್ಟಾಕ್ ಕ್ಯಾಮ್. ನನ್ನ ಓಟು ಅದಕ್ಕೇ.

ಹೊಸ ಬುಲೆಟ್ 2014:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಯುಸಿಇ, ಅಂದರೆ ಎಂಜಿನ್ ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರೋ ಹೊಸ ಎಂಜಿನ್. ಟ್ಯಾಪೆಟ್ ಅಡ್ಜಸ್ಟ್‌ಮೆಂಟೇ ಇಲ್ಲ, ಒಳಗೆ ಹೈಡ್ರಾಲಿಕ್ ಲಿಫ್ಟರ್ ಇದೆ ಅಂತಾರೆ. ಹಳೇ ಎಂಜಿನ್ನಿಗೂ ಅದನ್ನೇ ಹಾಕಿದರೆ ಈ ತಲೆನೋವೇ ಇರಲ್ಲ ಅಲ್ವಾ?

ಮಲೆನಾಡ ಬುಲೆಟ್:
@ಹೊಸ ಬುಲೆಟ್ 2014 ಕೂರಲ್ಲ. ಹೈಡ್ರಾಲಿಕ್ ಲಿಫ್ಟರ್ ಒಳಗೆ ಒಂದು ಸಣ್ಣ ಪಿಸ್ಟನ್ ಇರುತ್ತೆ. ಪ್ರೆಷರ್‌ನಲ್ಲಿ ಬರೋ ಆಯಿಲ್ ಅದನ್ನು ಮೇಲೆತ್ತಿ ಸಂದು ಮುಚ್ಚುತ್ತೆ. ಅದಕ್ಕೆ ಪ್ರತಿ ಲಿಫ್ಟರಿಗೂ ಆಯಿಲ್ ದಾರಿ ಬೇಕು, ಸತತ ಪ್ರೆಷರ್ ಬೇಕು, ತುಂಬಾ ಸ್ವಚ್ಛ ಆಯಿಲ್ ಬೇಕು. ಹಳೇ ಎಂಜಿನ್ನಿನಲ್ಲಿ ಇರೋದು ಟೈಮಿಂಗ್ ಕವರ್‌ನಲ್ಲಿರೋ ಎರಡು ಪ್ಲಂಜರ್ ಪಂಪ್. ಒಂದು ಆಯಿಲ್ ಕೊಡುತ್ತೆ, ಇನ್ನೊಂದು ಕ್ರ್ಯಾಂಕ್ ಕೇಸಿಂದ ವಾಪಸ್ ಎಳೆಯುತ್ತೆ. ಟ್ಯಾಪೆಟ್‌ಗೆ ಸಿಗೋದು ಸಿಡಿದ ಆಯಿಲ್ ಮಾತ್ರ.

ನಿಮ್ಮದರಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಟಿಕ್ ಟಿಕ್ ಬರುತ್ತಲ್ಲ, ಅದು ಲಿಫ್ಟರಿಂದ ರಾತ್ರಿ ಆಯಿಲ್ ಇಳಿದು ಹೋಗಿರೋದು. ತುಂಬಿಕೊಂಡ ಮೇಲೆ ನಿಲ್ಲುತ್ತೆ.

ದೂರದ ಬೈಕರ್:
ಹಾರ್ಲೆಯವರು 1948ರ ಪ್ಯಾನ್‌ಹೆಡ್‌ನಲ್ಲೇ ಹೈಡ್ರಾಲಿಕ್ ಲಿಫ್ಟರ್ ಕೊಟ್ಟಿದ್ದರು. ಮೊದಲು ಪುಶ್ ರಾಡ್ (ಕ್ಯಾಮ್ ಚಲನೆಯನ್ನು ಮೇಲೆ ವಾಲ್ವ್ ಕಡೆಗೆ ಒಯ್ಯೋ ಕಡ್ಡಿ) ಮೇಲ್ತುದಿಯಲ್ಲಿ ಇಟ್ಟಿದ್ದರು. ಅಷ್ಟು ಎತ್ತರಕ್ಕೆ ಆಯಿಲ್ ಸರಿಯಾಗಿ ತಲುಪದೆ ತೊಂದರೆ ಆಯ್ತು. 1953ರಲ್ಲಿ ಕೆಳಗೆ, ಕ್ಯಾಮ್ ಪಕ್ಕಕ್ಕೇ ತಂದರು. ಅಂದರೆ ಲಿಫ್ಟರ್‌ಗಿಂತ ಮುಖ್ಯ ಅದಕ್ಕೆ ಆಯಿಲ್ ಹೇಗೆ ಹೋಗುತ್ತೆ ಅನ್ನೋದು.

ಅದೇ ಕಂಪನಿಯ ಟ್ವಿನ್ ಕ್ಯಾಮ್ ಎಂಜಿನ್ನಿನಲ್ಲಿ ಸವೆಯೋದು ಕ್ಯಾಮ್ ಅಲ್ಲ, ಕ್ಯಾಮ್ ಚೈನ್ ಬಿಗಿ ಹಿಡಿಯೋ ಪ್ಲಾಸ್ಟಿಕ್ ಶೂ. ಆ ಪ್ಲಾಸ್ಟಿಕ್ ಚೂರು ಆಯಿಲ್ ಪಂಪ್ ಸೇರಿದರೆ ಖರ್ಚು ಗೊತ್ತಲ್ಲ. ಅದಕ್ಕೇ ಅವರಲ್ಲಿ ಕ್ಯಾಮ್ ಬದಲಿಸುವಾಗ ಒಳಗಿನ ಸೂಜಿ ಬೇರಿಂಗ್, ಟೆನ್ಷನರ್, ಲಿಫ್ಟರ್ ಎಲ್ಲಾ ಒಟ್ಟಿಗೆ ಬದಲಿಸೋ ರೂಢಿ.

ಯೆಜ್ಡಿ ಹುಡುಗ:
ನಮ್ಮ ಮೈಸೂರಿನ ಯೆಜ್ಡಿ ತಗೊಂಡಿದ್ದರೆ ಈ ಕ್ಯಾಮ್, ಟ್ಯಾಪೆಟ್, ಪುಶ್ ರಾಡ್ ಯಾವ ರಗಳೆನೂ ಇರ್ತಿರಲಿಲ್ಲ. ಟೂ ಸ್ಟ್ರೋಕ್!

ಲೇತ್ ಮಂಜಣ್ಣ:
@ಯೆಜ್ಡಿ ಹುಡುಗ ಕ್ಯಾಮ್ ಇಲ್ಲ ನಿಜ. ಆದ್ರೆ ಕ್ರ್ಯಾಂಕ್ ಬೇರಿಂಗ್, ಕ್ರ್ಯಾಂಕ್ ಸೀಲ್ ಇದೆಯಲ್ಲ? ಟೂ ಸ್ಟ್ರೋಕ್‌ನಲ್ಲಿ ಬೇರಿಂಗ್‌ಗೆ ಸಿಗೋದು ಪೆಟ್ರೋಲ್ ಜೊತೆ ಬಂದ ಆಯಿಲ್ ಅಷ್ಟೆ. ಸೀಲ್ ಸೋರಿದರೆ ಬೇಡದ ಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತೆ, ಪಿಸ್ಟನ್ ಸೀಜ್ ಆಗುತ್ತೆ. ನನ್ನ ಲೇತ್‌ಗೆ ಬರೋ ಯೆಜ್ಡಿ ಕ್ರ್ಯಾಂಕ್‌ಗಳಿಗೂ ಕಡಿಮೆ ಇಲ್ಲ.

ಯೆಜ್ಡಿ ಹುಡುಗ:
ಒಪ್ಪಿದೆ ಅಣ್ಣ. ಆದ್ರೂ ಆ ಎರಡು ಸೈಲೆನ್ಸರ್ ಸದ್ದಿಗೆ ಸಾಟಿ ಇಲ್ಲ.

ಹೇಮಾವತಿ ಸವಾರ:
ಮ್ಯಾಗ್ನೆಟ್ ಹಿಡಿದೆ. ಬಹುತೇಕ ಎಲ್ಲಾ ಅಂಟಿತು. ಹಳದಿ ಏನೂ ಕಾಣಲಿಲ್ಲ. ಹಾಗಾದರೆ ಬಿಗ್ ಎಂಡ್ ಬಿಚ್ಚೋದು ಬೇಡ್ವಾ?

ಟಾಪ್ ಗೇರ್:
ಬಿಚ್ಚಿ. ಹೇಗೂ ಅರ್ಧ ಎಂಜಿನ್ ಹೊರಗಿದೆ. ನಲವತ್ತು ವರ್ಷದ ಗಾಡಿ. ಈಗ ಬಿಟ್ಟರೆ ಇನ್ನೊಂದು ವರ್ಷಕ್ಕೆ ಮತ್ತೆ ಕೂಲಿ ಕೊಡಬೇಕು. ಬಿಗ್ ಎಂಡ್‌ನಲ್ಲಿರೋ ಫ್ಲೋಟಿಂಗ್ ಬುಷ್ ತೆಗೆದು ರೋಲರ್ ಹಾಕಿಸಿಬಿಡಿ, ಜೀವನಪರ್ಯಂತ ನಿಶ್ಚಿಂತೆ.

ಎಣ್ಣೆಕೈ:
ನಾನು ಇದನ್ನು ಒಪ್ಪಲ್ಲ. ಹೇಗೂ ಬಿಚ್ಚಿದೀವಿ ಅನ್ನೋ ಒಂದು ಮಾತಿನಿಂದ ಎಷ್ಟು ಒಳ್ಳೇ ಕ್ರ್ಯಾಂಕ್‌ಗಳು ಹಾಳಾಗಿವೆ ಗೊತ್ತಾ? ಕಂಪನಿಯಲ್ಲಿ ಜೋಡಿಸಿದ ಕ್ರ್ಯಾಂಕ್ ಒಂದು ಸಲ ಬಿಚ್ಚಿದರೆ ಅದನ್ನು ಮತ್ತೆ ನೇರಕ್ಕೆ ತರೋದು ಎಲ್ಲರ ಕೈಲೂ ಆಗಲ್ಲ. ಎರಡು ಫ್ಲೈವೀಲ್ ಒತ್ತಿ ಸೇರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ, ಓಟ (ತಿರುಗುವಾಗಿನ ವಾಲಾಟ) 0.05 ಎಂ.ಎಂ. ಒಳಗೆ ಬರೋವರೆಗೆ ತಟ್ಟಿ ತಟ್ಟಿ ಸರಿ ಮಾಡಬೇಕು. ಕಣ್ಣಂದಾಜಿನಲ್ಲಿ ಮಾಡಿದರೆ ಗಾಡಿ ನಡುಗುತ್ತೆ. ಹೊಸ ಮೇನ್ ಬೇರಿಂಗ್‌ಗಳನ್ನೂ ಅದೇ ತಿನ್ನುತ್ತೆ.

ಮೊದಲು ಪರೀಕ್ಷೆ ಮಾಡಿ. ಹೆಡ್, ಬೋರ್ ಎತ್ತಿ. ಕನೆಕ್ಟಿಂಗ್ ರಾಡ್ ಮೇಲೆ ಬರೋ ಹಾಗೆ ಇಟ್ಟು ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೀರಿ, ಕೆಳಕ್ಕೆ ಒತ್ತಿ. ಟಕ್ ಅಂತ ಆಟ (ಸಡಿಲ) ಸಿಕ್ಕರೆ ಬಿಗ್ ಎಂಡ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ವಾಲಿದರೆ ಗಾಬರಿ ಬೇಡ, ಅದು ಇರಬೇಕಾದ್ದೇ.

ಲೇತ್ ಮಂಜಣ್ಣ:
ಎಣ್ಣೆಕೈ ಹೇಳಿದ್ದಕ್ಕೆ ನನ್ನ ಸಹಿ ಇದೆ. ಕ್ರ್ಯಾಂಕ್ ಕೆಲಸದಿಂದಲೇ ನನ್ನ ಹೊಟ್ಟೆಪಾಡು. ಆದ್ರೂ ಹೇಳ್ತೀನಿ, ಆಟ ಇಲ್ಲದ ಬಿಗ್ ಎಂಡ್ ಮುಟ್ಟಬೇಡಿ.

ರೋಲರ್ ಮತ್ತು ಬುಷ್ ವಿಷಯಕ್ಕೆ ಬರ್ತೀನಿ. ಇಲ್ಲಿ ತುಂಬಾ ತಪ್ಪು ತಿಳಿವಳಿಕೆ ಇದೆ. ಫ್ಲೋಟಿಂಗ್ ಬುಷ್ ಕಳಪೆ ಅಲ್ಲ. ಕ್ರ್ಯಾಂಕ್ ಪಿನ್ ಮತ್ತು ರಾಡ್ ಮಧ್ಯೆ ಬುಷ್ ತಾನೂ ತಿರುಗುತ್ತೆ, ಒಳಗೂ ಹೊರಗೂ ಆಯಿಲ್ ಪದರ ಇರುತ್ತೆ. ಹೊಡೆತ ದೊಡ್ಡ ಜಾಗದ ಮೇಲೆ ಹರಡುತ್ತೆ, ಸದ್ದೂ ಕಡಿಮೆ. ಆಯಿಲ್ ಪ್ರೆಷರ್ ಸರಿ ಇದ್ದು, ಆಯಿಲ್ ಸ್ವಚ್ಛ ಇದ್ದರೆ ಬಹಳ ಕಾಲ ಬಾಳುತ್ತೆ. ಅದರ ಶತ್ರು ಒಂದೇ, ಆಯಿಲ್ ನಿಲ್ಲೋದು. ಸ್ವಲ್ಪ ಹೊತ್ತು ಆಯಿಲ್ ಸಿಗದಿದ್ದರೂ ಬಿಳಿ ಲೋಹ ಕರಗಿ ಒರೆಸಿ ಹೋಗುತ್ತೆ.

ರೋಲರ್‌ಗೆ ಅಷ್ಟು ಪ್ರೆಷರ್ ಬೇಡ, ಸಿಡಿತ ಬಿದ್ದರೂ ನಡೆಯುತ್ತೆ. ಹಾಳಾಗುವಾಗ ಗರಗರ ಅಂತ ಮೊದಲೇ ಹೇಳುತ್ತೆ. ಹೈವೇಯಲ್ಲಿ ಗಂಟೆಗಟ್ಟಲೆ 90ರಲ್ಲಿ ಓಡಿಸೋರಿಗೆ ರೋಲರ್ ಸರಿ. ಆದ್ರೆ ಪಿನ್, ರಾಡ್, ರೋಲರ್ ಮೂರೂ ಒಳ್ಳೇ ಕಡೆಯದಾಗಿರಬೇಕು. ಪಿನ್ ಗಟ್ಟಿತನ ಸರಿ ಇಲ್ಲದ ಸೆಟ್‌ಗಳು ಎಷ್ಟೋ ಬಂದಿವೆ ನನ್ನ ಹತ್ತಿರ. ಪಿನ್ ಮೇಲೆ ರೋಲರ್ ಗೆರೆಗಳು ಅಚ್ಚೊತ್ತಿರುತ್ತೆ.

ಟಾಪ್ ಗೇರ್:
ಸರಿ ಅಣ್ಣ, ಆಟ ಇಲ್ಲದಿದ್ದರೆ ಬಿಡಲಿ. ಆಟ ಇದ್ದರೆ ಮಾತ್ರ ರೋಲರ್ ಅನ್ನೋ ನನ್ನ ಮಾತು ಉಳಿಸ್ಕೋತೀನಿ.

ಎಣ್ಣೆಕೈ:
ಬಿಗ್ ಎಂಡ್ ಬಗ್ಗೆ ಇಷ್ಟು ಮಾತಾಡಿ, ಅದಕ್ಕೆ ಆಯಿಲ್ ಎಲ್ಲಿಂದ ಹೋಗುತ್ತೆ ಅನ್ನೋದನ್ನೇ ಯಾರೂ ಹೇಳಲಿಲ್ಲ! ಟೈಮಿಂಗ್ ಕವರಿಂದ ಕ್ರ್ಯಾಂಕ್ ತುದಿಗೆ ಆಯಿಲ್ ದಾಟೋ ಜಾಗದಲ್ಲಿ ಒಂದು ಪುಟ್ಟ ಕಾರ್ಕ್ ಸೀಲ್ ಇದೆ. ಕೆಲವರು ರಬ್ಬರ್‌ದು ಹಾಕ್ತಾರೆ. ಅದು ಒಣಗಿ ಕುಗ್ಗಿದ್ದರೆ ಆಯಿಲ್ ಅಲ್ಲೇ ಸೋರಿ ಟೈಮಿಂಗ್ ಕೇಸಿಗೆ ಬೀಳುತ್ತೆ, ಬಿಗ್ ಎಂಡ್‌ಗೆ ತಲುಪಲ್ಲ. ಹೊರಗೆ ಒಂದು ಹನಿಯೂ ಕಾಣಲ್ಲ. ಕವರ್ ತೆಗೆದಾಗಲೆಲ್ಲಾ ಅದನ್ನು ಹೊಸದು ಹಾಕಿ. ಇಡೀ ಎಂಜಿನ್ನಿನಲ್ಲಿ ಅತಿ ಅಗ್ಗದ ಸಾಮಾನು, ಅತಿ ಮುಖ್ಯವಾದದ್ದು. ಹಾಕೋ ಮೊದಲು ಆಯಿಲ್‌ನಲ್ಲಿ ನೆನೆಸಿಡಿ.

ಮಲೆನಾಡ ಬುಲೆಟ್:
ಕಾರ್ಕ್ ಮಾತು ಬಂದಿದ್ದು ಒಳ್ಳೇದಾಯ್ತು. ಚಿಕ್ಕಮಗಳೂರು ಕಡೆ ನಮ್ಮ ಗುಂಪಿನ ಒಂದು ಗಾಡಿಯಲ್ಲಿ ಹೀಗೇ ಆಗಿತ್ತು. ಪಂಪ್ ಎರಡೂ ಸರಿ, ಫಿಲ್ಟರ್ ಸರಿ, ಆದ್ರೂ ಬುಷ್ ಹೋಗ್ತಿತ್ತು. ಕಾರಣ ಆ ಸೀಲ್.

ಹೊಸ ಬುಲೆಟ್ 2014:
ಇಷ್ಟು ವಿಷಯ ಎಲ್ಲೂ ಓದಿರಲಿಲ್ಲ. ಮುಂದುವರಿಸಿ ದಯವಿಟ್ಟು.

ಹೇಮಾವತಿ ಸವಾರ:
ಬೋರ್ ಎತ್ತಿಸಿದೆ. ನಾನೇ ಕೈ ಹಾಕಿ ನೋಡಿದೆ. ಮೇಲೆ ಕೆಳಗೆ ಆಟ ಸ್ವಲ್ಪವೂ ಇಲ್ಲ. ಪಕ್ಕಕ್ಕೆ ಮಾತ್ರ ವಾಲುತ್ತೆ. ಬಿಗ್ ಎಂಡ್ ಮುಟ್ಟಲ್ಲ ಅಂತ ಮೇಸ್ತ್ರಿಗೆ ಹೇಳಿದೆ, ಅವರೂ ಒಪ್ಪಿದರು. ಮೇನ್ ಬೇರಿಂಗ್ ಬಗ್ಗೆ ಏನಂತೀರಿ?

ಕಿಕ್ ಸ್ಟಾರ್ಟ್:
ಓಡುವಾಗ ಫುಟ್‌ರೆಸ್ಟ್‌ನಲ್ಲಿ ಗುರ್ ಅನ್ನೋ ಅದುರು ಬರ್ತಿತ್ತಾ?

ಹೇಮಾವತಿ ಸವಾರ:
ಇಲ್ಲ. ಸದ್ದು ನಾನು ಮೊದಲು ಹೇಳಿದ ಕಟಕಟ ಮಾತ್ರ.

ಲೇತ್ ಮಂಜಣ್ಣ:
ಹಾಗಾದರೆ ಬಿಡಿ. ಟೈಮಿಂಗ್ ಪಿನಿಯನ್ (ಕ್ಯಾಮ್‌ಗಳನ್ನು ತಿರುಗಿಸೋ ಸಣ್ಣ ಗೇರ್) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ, ಆ ಕಡೆ ಪ್ರೈಮರಿ ಚೈನ್ ತೆಗೆದು ಎಂಜಿನ್ ಸ್ಪ್ರಾಕೆಟ್ಟನ್ನೂ ಹಾಗೇ ನೋಡಿ. ಆಟ ಇಲ್ಲ, ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಅನಿಸಲ್ಲ ಅಂದರೆ ಕೇಸ್ ಬಿಚ್ಚೋ ಅಗತ್ಯ ಇಲ್ಲ.

ಆದ್ರೂ ಮುಂದೆ ಯಾರಿಗಾದರೂ ಉಪಯೋಗ ಆಗಲಿ ಅಂತ ಬೇರಿಂಗ್ ಆರಿಸೋದು ಹೇಗೆ ಅಂತ ಬರೀತೀನಿ. ಈ ಎಂಜಿನ್ನಿನಲ್ಲಿ ಡ್ರೈವ್ ಕಡೆ (ಪ್ರೈಮರಿ ಚೈನ್ ಇರೋ ಕಡೆ) ಒಂದು ಬಾಲ್, ಒಂದು ರೋಲರ್. ಟೈಮಿಂಗ್ ಕಡೆ ರೋಲರ್. ಬೇರಿಂಗ್ ಮೇಲೆ ಕೆತ್ತಿರೋ ನಂಬರ್ ಓದೋದು ಕಲೀರಿ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಐದರಿಂದ ಗುಣಿಸಿ, ಒಳಗಿನ ತೂತಿನ ಅಳತೆ ಎಂ.ಎಂ.ನಲ್ಲಿ ಸಿಗುತ್ತೆ. 6205 ಅಂದರೆ 25 ಎಂ.ಎಂ. ಎನ್‌ಯು ಅಂತಿದ್ದರೆ ಒಳ ರಿಂಗ್‌ಗೆ ಅಂಚು ಇಲ್ಲ, ಶಾಫ್ಟ್ ಅತ್ತಿತ್ತ ಸರಿಯೋಕೆ ಬಿಡುತ್ತೆ. ಎನ್‌ಜೆ ಅಂದರೆ ಒಂದು ಕಡೆ ಅಂಚು ಇದೆ, ಆ ಕಡೆಗೆ ಸರಿಯೋಕೆ ಬಿಡಲ್ಲ. ಎರಡೂ ಒಂದೇ ಸೈಜ್, ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟುಬಿಡ್ತಾರೆ. ಹಳೇದು ತೆಗೆದಾಗ ಏನಿತ್ತು, ಅದನ್ನೇ ಕೇಳಿ ತಗೊಳ್ಳಿ.

ಆಮೇಲೆ ಸಿ3. ಬೇರಿಂಗ್ ಬಿಗಿಯಾಗಿ ಕೂತಾಗ ಹೊರ ರಿಂಗ್ ಕುಗ್ಗುತ್ತೆ, ಒಳ ರಿಂಗ್ ಹಿಗ್ಗುತ್ತೆ, ಮಧ್ಯದ ಸಡಿಲ ಕಡಿಮೆ ಆಗುತ್ತೆ. ಬಿಸಿಯಾದಾಗ ಇನ್ನೂ ಕಡಿಮೆ. ಅದಕ್ಕೇ ಕ್ರ್ಯಾಂಕ್‌ಗೆ ಸ್ವಲ್ಪ ಜಾಸ್ತಿ ಸಡಿಲ ಇರೋ ಸಿ3 ಹಾಕೋ ರೂಢಿ. ಕೈಯಲ್ಲಿ ಅಲ್ಲಾಡಿಸಿ, ಇದು ಲೂಸ್ ಇದೆ ಅಂತ ವಾಪಸ್ ಕೊಡೋರನ್ನ ನೋಡಿದೀನಿ. ಆ ಲೂಸ್ ಬೇಕಾಗಿಯೇ ಇಟ್ಟಿರೋದು.

ಟಾಪ್ ಗೇರ್:
ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ನಂಬರಿನ ಬೇರಿಂಗ್‌ಗೆ ಮೂರು ರೇಟ್ ಹೇಳ್ತಾರೆ. ಬಾಕ್ಸ್ ಎಲ್ಲಾ ಒಂದೇ ಥರ. ಅಸಲಿ ಯಾವುದು ಅಂತ ಗೊತ್ತಾಗೋದು ಹೇಗೆ?

ಎಣ್ಣೆಕೈ:
ಡೀಲರ್ ಹತ್ತಿರ ಬಿಲ್ ಹಾಕಿಸಿ ತಗೊಳ್ಳಿ. ಬೇರಿಂಗ್ ಕಂಪನಿ ಎಸ್‌ಕೆಎಫ್‌ನವರದ್ದೇ ಒಂದು ಆ್ಯಪ್ ಇದೆ. ಬಾಕ್ಸ್, ಬೇರಿಂಗ್ ಫೋಟೋ ಕಳಿಸಿದರೆ ಅಸಲಿಯೋ ನಕಲಿಯೋ ಅವರೇ ಪರೀಕ್ಷಿಸಿ ಹೇಳ್ತಾರೆ. ಎಫ್‌ಎಜಿ, ಎನ್‌ಬಿಸಿ ಯಾವುದಾದರೂ ನಡೆಯುತ್ತೆ, ಅಸಲಿ ಆಗಿದ್ದರೆ ಸಾಕು. ನಕಲಿ ಎಸ್‌ಕೆಎಫ್‌ಗಿಂತ ಅಸಲಿ ಎನ್‌ಬಿಸಿ ಸಾವಿರ ಪಾಲು ಮೇಲು.

ಕೂರಿಸುವಾಗ ಸುತ್ತಿಗೆ ಬೇಡ. ಕೇಸನ್ನು ಓವನ್‌ನಲ್ಲಿಟ್ಟು ನೂರು, ನೂರಿಪ್ಪತ್ತು ಡಿಗ್ರಿಗೆ ಬಿಸಿ ಮಾಡಿ. ನೀರಿನ ಹನಿ ಹಾಕಿದರೆ ಚುರ್ ಅಂತ ಆರಬೇಕು. ಬೇರಿಂಗ್ ಫ್ರೀಜರ್‌ನಲ್ಲಿ ಇಟ್ಟಿರಬೇಕು. ಹಾಗೆ ಮಾಡಿದರೆ ತಾನಾಗೇ ಇಳಿದು ಕೂರುತ್ತೆ. ಗ್ಯಾಸ್ ಟಾರ್ಚ್ ಒಂದೇ ಜಾಗಕ್ಕೆ ಹಿಡಿದರೆ ಅಲ್ಯೂಮಿನಿಯಂ ಕೇಸ್ ಸೊಟ್ಟಗಾಗುತ್ತೆ.

ಮಲೆನಾಡ ಬುಲೆಟ್:
ಮತ್ತೆ ಕ್ಯಾಮ್‌ಗೆ ಬರೋಣ. ಹಳೇ ಕ್ಯಾಮ್‌ಗೆ ವೆಲ್ಡ್ ತುಂಬಿಸಿ ಗ್ರೈಂಡ್ ಮಾಡಿಕೊಡ್ತೀನಿ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಬೇಡ. ಲೋಬ್ ಆಕಾರ ಕೈಯಲ್ಲಿ ಬರಲ್ಲ. ಬಂದರೂ ಗಟ್ಟಿತನ ಇರಲ್ಲ.

ಲೇತ್ ಮಂಜಣ್ಣ:
ಸರಿಯಾದ ಕ್ಯಾಮ್ ಗ್ರೈಂಡಿಂಗ್ ಮಷಿನ್, ಮಾಸ್ಟರ್ ಕ್ಯಾಮ್ ಇದ್ದು, ಆಮೇಲೆ ಹೀಟ್ ಟ್ರೀಟ್‌ಮೆಂಟ್ ಮಾಡಿದರೆ ಆಗುತ್ತೆ. ಯಾವ ಭಾಗವೂ ಸಿಗದ ಗಾಡಿಗಳಿಗೆ ಅದೊಂದೇ ದಾರಿ. ಬುಲೆಟ್‌ಗೆ ಭಾಗ ಸಿಗುತ್ತೆ, ಹಾಗಾಗಿ ಬೇಡ ಅಂತ ನಾನೂ ಹೇಳ್ತೀನಿ.

ಹೊಸ ಕ್ಯಾಮ್ ತಗೊಂಡಾಗ ಒಂದು ಪರೀಕ್ಷೆ. ಹೊಸ ಅರ (ಫೈಲು ಅಂತೀವಲ್ಲ) ತಗೊಂಡು ಲೋಬ್ ಪಕ್ಕದ ಅಂಚಿಗೆ ಮೆಲ್ಲಗೆ ಒಂದು ಸಲ ಎಳೀರಿ. ಗಾಜಿನ ಮೇಲೆ ಎಳೆದಂತೆ ಜಾರಿದರೆ ಗಟ್ಟಿ ಇದೆ. ಕಚ್ಚಿ ಪುಡಿ ಬಂದರೆ ಅಲ್ಲೇ ವಾಪಸ್ ಕೊಡಿ. ಟ್ಯಾಪೆಟ್ ಓಡಾಡೋ ಮೇಲ್ಮೈಗೆ ಮಾತ್ರ ಅರ ತಾಗಿಸಬೇಡಿ.

ಹೇಮಾವತಿ ಸವಾರ:
ಇನ್ಲೆಟ್ ಕ್ಯಾಮ್ ಚೆನ್ನಾಗಿದೆಯಲ್ಲ, ಎಕ್ಸಾಸ್ಟ್ ಒಂದೇ ತಗೊಳ್ಳಲಾ?

ಎಣ್ಣೆಕೈ:
ಜೋಡಿಯೇ ತಗೊಳ್ಳಿ. ಕ್ಯಾಮ್‌ಗಳ ಹಲ್ಲು ಪಿನಿಯನ್ ಜೊತೆ ಸೇರಿ ಓಡುತ್ತೆ. ಒಂದು ಹೊಸದು ಒಂದು ಹಳೇದು ಆದರೆ ಹಲ್ಲುಗಳ ಸಂದು ಬೇರೆ ಬೇರೆ ಆಗುತ್ತೆ. ಸಂದು ಕಡಿಮೆ ಇದ್ದರೆ ಕುಂಯ್ ಅನ್ನುತ್ತೆ, ಜಾಸ್ತಿ ಇದ್ದರೆ ಕಟಕಟ ಅನ್ನುತ್ತೆ. ಆ ಕಟಕಟ ಕೇಳಿ ಟ್ಯಾಪೆಟ್ ಸದ್ದು ಅಂದ್ಕೊಂಡು ಮತ್ತೆ ಮತ್ತೆ ಅಡ್ಜಸ್ಟ್ ಮಾಡ್ತಾರೆ.

ಕ್ಯಾಮ್ ತಿರುಗೋ ಸ್ಪಿಂಡಲ್ಲನ್ನೂ ಮರೀಬೇಡಿ. ಬೆರಳಿಟ್ಟು ಸವರಿ, ಒಂದು ಕಡೆ ಮೆಟ್ಟಿಲು ಥರ ಸವೆದಿದ್ದರೆ ಹೊಸ ಕ್ಯಾಮ್ ಕೂಡ ವಾಲಿಕೊಂಡೇ ಓಡುತ್ತೆ.

ಹೇಮಾವತಿ ಸವಾರ:
ಸ್ಪಿಂಡಲ್ ನುಣುಪಾಗಿದೆ, ಮೆಟ್ಟಿಲು ಇಲ್ಲ. ಸರಿ, ಹಾಗಾದರೆ ಸ್ಟಾಕ್ ಕ್ಯಾಮ್ ಜೋಡಿ, ಎರಡು ಟ್ಯಾಪೆಟ್, ಕಾರ್ಕ್ ಸೀಲ್, ಫಿಲ್ಟರ್, ಗ್ಯಾಸ್ಕೆಟ್. ಟ್ಯಾಪೆಟ್ ಗೈಡ್?

ಲೇತ್ ಮಂಜಣ್ಣ:
ಹೊಸ ಟ್ಯಾಪೆಟ್ ಗೈಡ್‌ನಲ್ಲಿ ಹಾಕಿ ಪಕ್ಕಕ್ಕೆ ಅಲ್ಲಾಡಿಸಿ. ಸಲೀಸಾಗಿ ಜಾರಬೇಕು, ತಿರುಗಬೇಕು, ಅಲ್ಲಾಡಬಾರದು. ತಿರುಗೋದು ಮುಖ್ಯ. ಚಪ್ಪಟೆ ಟ್ಯಾಪೆಟ್ ಓಡುತ್ತಾ ಸ್ವಲ್ಪ ಸ್ವಲ್ಪ ತಿರುಗ್ತಾ ಇದ್ದರೆ ಸಮನಾಗಿ ಸವೆಯುತ್ತೆ. ಸಿಕ್ಕಿ ನಿಂತರೆ ಒಂದೇ ಗೆರೆಯಲ್ಲಿ ತಿನ್ನಿಸ್ಕೊಳ್ಳುತ್ತೆ. ನಿಮ್ಮ ಎಕ್ಸಾಸ್ಟ್ ಟ್ಯಾಪೆಟ್‌ಗೆ ಹಾಗೇ ಆಗಿರೋ ಸಾಧ್ಯತೆ ಇದೆ.

ಹೊಸ ಬುಲೆಟ್ 2014:
ಆಯಿಲ್ ಯಾವುದು? ಈಗಿನ ಆಯಿಲ್‌ನಲ್ಲಿ ಜಿಂಕ್ ಕಡಿಮೆ, ಹಳೇ ಎಂಜಿನ್ ಕ್ಯಾಮ್ ಹಾಳಾಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ದೂರದ ಬೈಕರ್:
ಅರ್ಧ ನಿಜ. ಜಿಂಕ್ ಜೊತೆ ಬರೋ ಫಾಸ್ಫರಸ್ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತೆ ಅಂತ ಮಿತಿ ಹಾಕಿದರು. ಆ ಮಿತಿ ಮುಖ್ಯವಾಗಿ ಕಾರಿನ ತೆಳು ಗ್ರೇಡ್‌ಗಳಿಗೆ, 0ಡಬ್ಲ್ಯು-20, 5ಡಬ್ಲ್ಯು-30 ಅಂಥವಕ್ಕೆ. 20ಡಬ್ಲ್ಯು-50 ಆ ಲೆಕ್ಕಕ್ಕೆ ಬರಲ್ಲ. ಬೈಕಿಗೆ ಅಂತ ಮಾಡಿದ 20ಡಬ್ಲ್ಯು-50 ಹಾಕಿ, ಬೇಗ ಬೇಗ ಬದಲಿಸಿ. ಬೇರೆ ಡಬ್ಬಿ ಮದ್ದು ಸುರಿಯೋದು ಬೇಡ.

ಮಲೆನಾಡ ಬುಲೆಟ್:
ಜೋಡಿಸುವಾಗ ಲೋಬ್‌ಗೂ ಟ್ಯಾಪೆಟ್ ಪಾದಕ್ಕೂ ಮೋಲಿ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಸವರಿ. ಸ್ಟಾರ್ಟ್ ಆದ ಮೇಲೆ ಸ್ಲೋ ಆರ್‌ಪಿಎಂನಲ್ಲಿ ಬಿಡಬೇಡಿ. ಕ್ಯಾಮ್‌ಗೆ ಸಿಗೋದು ಸಿಡಿದ ಆಯಿಲ್, ಎಂಜಿನ್ ನಿಧಾನ ಇದ್ದರೆ ಸಿಡಿಯೋದೂ ಕಡಿಮೆ. ಹಾಗಂತ ನಿಂತ ಜಾಗದಲ್ಲೇ ಇಪ್ಪತ್ತು ನಿಮಿಷ ರೇಸ್ ಕೊಡೋದೂ ತಪ್ಪು. ಅದು ನೀರಿರೋ ಕಾರ್ ಎಂಜಿನ್ನಿನ ಪದ್ಧತಿ. ಇದು ಗಾಳಿಯಿಂದ ತಣ್ಣಗಾಗೋ ಎಂಜಿನ್. ಸ್ಟಾರ್ಟ್ ಆಯ್ತು, ಆಯಿಲ್ ಬರ್ತಿದೆ ಅಂತ ಖಚಿತ ಆಯ್ತು, ಗಾಡಿ ತಗೊಂಡು ರೋಡಿಗೆ ಹೋಗಿ. ಸ್ಪೀಡ್ ಏರಿಸ್ತಾ ಇಳಿಸ್ತಾ ಓಡಿಸಿ. ಮೊದಲ ಆಯಿಲ್ ಬೇಗ ಇಳಿಸಿಬಿಡಿ.

ಕಿಕ್ ಸ್ಟಾರ್ಟ್:
ಟ್ಯಾಪೆಟ್ ಸೆಟ್ಟಿಂಗ್ ತಣ್ಣಗಿದ್ದಾಗಲೇ. ಕಂಪ್ರೆಷನ್ ಸ್ಟ್ರೋಕ್ ಟಾಪ್‌ನಲ್ಲಿಟ್ಟು, ಪುಶ್ ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು. ಫೀಲರ್ ಗೇಜ್ ಬೇಡ.

ಹೇಮಾವತಿ ಸವಾರ:
ಕ್ಯಾಮ್ ಜೋಡಿ, ಟ್ಯಾಪೆಟ್ ಬಂತು. ಅರ ಎಳೆದು ನೋಡಿದೆ, ಜಾರಿತು. ನಾಳೆ ಜೋಡಿಸೋದು. ಪಿನಿಯನ್ ಹಲ್ಲೂ ಸವೆದಿದೆ, ಅದನ್ನೂ ತೆಗೀಬೇಕು ಅಂತಾರೆ ಮೇಸ್ತ್ರಿ. ಅದನ್ನು ಹಿಡಿದಿರೋ ವರ್ಮ್ ನಟ್ ಎಷ್ಟು ಬಲ ಹಾಕಿದರೂ ಬಿಚ್ಚುತ್ತಿಲ್ಲವಂತೆ.

ಲೇತ್ ಮಂಜಣ್ಣ:
ನಿಲ್ಲಿಸಿ! ಅದು ಎಡಗೈ ಥ್ರೆಡ್. ಗಡಿಯಾರದ ಮುಳ್ಳು ತಿರುಗೋ ಕಡೆಗೇ ತಿರುಗಿಸಿದರೆ ಬಿಚ್ಚುತ್ತೆ. ಉಲ್ಟಾ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತೆ, ಕೊನೆಗೆ ಮುರಿಯುತ್ತೆ. ವರ್ಮ್ ಹಲ್ಲಿಗೆ ಪೆಟ್ಟಾದರೆ ಎರಡೂ ಆಯಿಲ್ ಪಂಪ್ ಹೋದಂತೆ, ಅವು ಓಡೋದೇ ಅದರಿಂದ.

ಹೇಮಾವತಿ ಸವಾರ:
ಈಗ್ಲೇ ಫೋನ್ ಮಾಡಿ ಹೇಳಿದೆ. ಬಿಚ್ಚಿತು. ಹಲ್ಲಿಗೆ ಏನೂ ಆಗಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.

ಎಣ್ಣೆಕೈ:
ಟೈಮಿಂಗ್ ಗುರುತು ಕೂರಿಸಿದ ಮೇಲೆ ಕೈಯಲ್ಲಿ ನಾಲ್ಕಾರು ಸುತ್ತು ತಿರುಗಿಸಿ ನೋಡಿ, ಎಲ್ಲೂ ತಡೀಬಾರದು. ಕವರ್ ಹಾಕಿ, ಫಿಲ್ಟರ್ ಇರೋ ಜಾಗಕ್ಕೆ ಕೈಯಿಂದಲೇ ಆಯಿಲ್ ತುಂಬಿ. ಆಮೇಲೆ ಫಿಲ್ಟರ್ ಕ್ಯಾಪ್ ನಟ್ ಸ್ವಲ್ಪ ಸಡಿಲ ಬಿಟ್ಟು, ಡಿಕಂಪ್ರೆಸರ್ (ಕಂಪ್ರೆಷನ್ ಬಿಡಿಸೋ ಲಿವರ್) ಎಳೆದು ಹಿಡಿದು, ಇಗ್ನಿಷನ್ ಆಫ್‌ನಲ್ಲೇ ಕಿಕ್ ಹೊಡೀತಾ ಹೋಗಿ. ಅಂಚಿನಲ್ಲಿ ಆಯಿಲ್ ಜಿನುಗೋಕೆ ಶುರುವಾದರೆ ಪಂಪ್ ಎತ್ತುತ್ತಿದೆ. ನಟ್ ಬಿಗಿ ಮಾಡಿ, ಆಮೇಲೆ ಕೀ ತಿರುಗಿಸಿ.